ತಲೆಗಾಪು

ಬದಿಯಡ್ಕದಿಂದ ಒಳಗೆ, ಅಡಕೆ ತೋಟಗಳ ನಡುವಿನ ನಮ್ಮ ಮನೆಯಲ್ಲಿ, ಕೊಟ್ಟಿಗೆಗೆ ತಾಗಿದ ಮಾಡಿನ ಕೆಳಗೆ 1990ರ ಕಾಂಟೆಸ್ಸಾ ಕಾರೊಂದಿದೆ. ನಮ್ಮ ವಿಭಾಗದ ಕೆಲವು ವಿದ್ಯಾರ್ಥಿಗಳು ಅದನ್ನು ಕಂಡಿದ್ದಾರೆ. ವಿಚಾರಗೋಷ್ಠಿಗೆ ಬಂದ ಅತಿಥಿಗಳನ್ನು ರೈಲು ನಿಲ್ದಾಣದಿಂದ ಕರೆತಂದದ್ದೂ ಅದರಲ್ಲಿಯೇ. ಹಿಂದೂಸ್ತಾನ್ ಮೋಟಾರ್ಸ್ ಸಂಸ್ಥೆಯು 1984ರಿಂದ 2002ರವರೆಗೆ ಕೋಲ್ಕತ್ತಾದ ಬಳಿಯ ಉತ್ತರಪಾರದಲ್ಲಿ ತಯಾರಿಸಿದ ಕಾರು ಅದು. ಮೈಕಟ್ಟು ಇಂಗ್ಲೆಂಡಿನ ವಾಕ್ಸ್‌ಹಾಲ್ ಕಂಪೆನಿಯ 1970ರ ದಶಕದ ಮಾದರಿಯದು. ಮೊದಲು ಅಂಬಾಸಿಡರ್ ಕಾರಿನ ಎಂಜಿನನ್ನೇ ಹೊತ್ತು ಏದುಸಿರು ಬಿಡುತ್ತಿದ್ದ ಅದಕ್ಕೆ ಮುಂದೆ ಜಪಾನಿನ ಇಸುಜು ಎಂಜಿನ್ ಬಂದು ಜೀವ ಬಂತು. ಅಪ್ಪ 1995ರಲ್ಲಿ ಅಡಕೆಯ ಹಣಕ್ಕೆ ಸೊಸೈಟಿಯ ಸಾಲವನ್ನೂ ಸೇರಿಸಿ ಮಂಗಳೂರಿನ ವ್ಯಾಪಾರಿಯೊಬ್ಬರಿಂದ ಅದನ್ನು ಕೊಂಡರು. ಆಗ ನನಗೆ ಒಂಬತ್ತು ವರ್ಷ.

ಹಿಂದಿನ ಯಜಮಾನರು ಮುಂದಿನ ಎರಡು ಆಸನಗಳನ್ನು ಬದಲಾಯಿಸಿದ್ದರು. ಯಾವ ಕಾರಿನ ಆಸನಗಳೆಂದು ಅಪ್ಪನಿಗೂ ತಿಳಿಯದು. ಅವುಗಳ ನೆತ್ತಿಯ ಮೇಲೆ ಎರಡೆರಡು ಉಕ್ಕಿನ ಕಂಬಿಗಳ ಮೇಲೆ ನಿಂತ, ಮೆತ್ತೆ ತುಂಬಿದ ಹೆಡ್‌ರೆಸ್ಟುಗಳಿದ್ದವು. ನನಗೆ ನೆನಪಿರುವಷ್ಟು ಕಾಲವೂ ಅವು ಆಸನಕ್ಕೆ ಅಂಟಿಕೊಂಡಂತೆ, ತೀರ ಕೆಳಗೆ ಕುಳಿತಿದ್ದವು. ಅವು ಮೇಲೇಳಬೇಕಾದ ವಸ್ತುಗಳೆಂಬುದು ನಮಗೆ ಮರೆತೇಹೋಗಿತ್ತು.

ಕಳೆದ ಆಟಿ ತಿಂಗಳಲ್ಲಿ ಕುಂಬಳೆಯಲ್ಲಿ ಒಂದು ತಾಳಮದ್ದಳೆ. ಪಾರ್ತಿಸುಬ್ಬನ ಊರಿನ ಕೂಟವೆಂದರೆ ಅಪ್ಪನಿಗೆ ಎಪ್ಪತ್ತೆಂಟರ ಪ್ರಾಯದಲ್ಲಿಯೂ ಉತ್ಸಾಹ. ಅರ್ಥ ಹೇಳಿ ಮುಗಿಸಿ ಹಿಂದಿನ ಆಸನದಲ್ಲಿ ಕುಳಿತರು. ಅಮ್ಮನಿಗೆ ಮೊಣಕಾಲು ನೋವು. ಕಾಲು ಚಾಚಲು ಅನುಕೂಲವೆಂದು ಮುಂದೆ ನನ್ನ ಪಕ್ಕದಲ್ಲಿ ಕುಳಿತರು. ಮಳೆ ಜೋರಾಗಿತ್ತು. ಹೆದ್ದಾರಿಯ ಕಾಮಗಾರಿ ನಡೆಯುತ್ತಿದ್ದ ಕಡೆ ಸಾಲುಗಟ್ಟಿ ನಿಂತ ವಾಹನಗಳ ಹಿಂದೆ ನಾನೂ ನಿಲ್ಲಿಸಿದೆ. ಹಿಂದಿನಿಂದ ಬಂದ ಸಣ್ಣ ಸರಕು ವಾಹನವೊಂದು ನಮಗೆ ಗುದ್ದಿತು. ದೊಡ್ಡ ಗುದ್ದೇನೂ ಅಲ್ಲ. ಬಂಪರ್ ನೆಗ್ಗಿತು, ದೀಪವೊಂದು ಒಡೆಯಿತು. ಇಳಿದು ನೋಡಿ, ಇಷ್ಟರಲ್ಲೇ ಮುಗಿಯಿತಲ್ಲ ಎಂದು ನಾವು ಸಮಾಧಾನಪಟ್ಟುಕೊಂಡೆವು. ಮರುದಿನ ಬೆಳಗ್ಗೆ ಅಮ್ಮನಿಗೆ ತಲೆಯನ್ನು ಹಾಸಿಗೆಯಿಂದ ಎತ್ತಲು ಆಗಲಿಲ್ಲ.

ಮಂಗಳೂರಿನ ವೈದ್ಯರು ಚಿತ್ರ ತೆಗೆಸಿ, ಎಲುಬಿಗೆ ಏನೂ ಆಗಿಲ್ಲ, ಕುತ್ತಿಗೆಯ ಸ್ನಾಯುಗಳು ಎಳೆದಿವೆ ಎಂದರು, ಪಟ್ಟಿ ಕಟ್ಟಿಸಿದರು. ಆಮೇಲೆ ನನ್ನ ಕಡೆ ತಿರುಗಿ, “ಹೆಡ್‌ರೆಸ್ಟ್ ಎಷ್ಟು ಎತ್ತರದಲ್ಲಿತ್ತು?” ಎಂದು ಕೇಳಿದರು. ಆ ಪ್ರಶ್ನೆಗೆ ನನ್ನಲ್ಲಿ ಉತ್ತರವಿರಲಿಲ್ಲ. ಅವರೇ ವಿವರಿಸಿದರು. ಹಿಂದಿನಿಂದ ಗುದ್ದು ಬಿದ್ದಾಗ ಆಸನವು ಬೆನ್ನನ್ನು ಮುಂದಕ್ಕೆ ತಳ್ಳುತ್ತದೆ. ತಲೆ ಮಾತ್ರ ಇದ್ದಲ್ಲಿಯೇ ಉಳಿಯುತ್ತದೆ. ನಡುವೆ ಸಿಕ್ಕಿಕೊಂಡ ಕುತ್ತಿಗೆ ಕಣ್ಣು ಮಿಟುಕಿಸುವುದರೊಳಗೆ ಹಿಂದಕ್ಕೆ ಬಾಗಿ, ಮತ್ತೆ ಮುಂದಕ್ಕೆ ಜಗ್ಗುತ್ತದೆ. ಕಟ್ಟಿಕೊಂಡ ಬೆಲ್ಟು ಮುಂದಕ್ಕೆ ಬೀಳದಂತೆ ಹಿಡಿದೀತೇ ಹೊರತು ತಲೆ ಹಿಂದಕ್ಕೆ ಬೀಳುವುದನ್ನು ತಡೆಯಲಾರದು. ಅದನ್ನು ತಡೆಯುವುದು ಹೆಡ್‌ರೆಸ್ಟ್ ಒಂದೇ. ಅದರ ಮೇಲಂಚು ಕಿವಿಯ ಮೇಲ್ತುದಿಗಿಂತ ಕೆಳಗಿರಬಾರದು; ತಲೆಯ ಹಿಂಬದಿಗೆ ಆದಷ್ಟು ಹತ್ತಿರವಿರಬೇಕು. ತೀರ ಕೆಳಗಿದ್ದರೆ ತಲೆ ಅದನ್ನು ದಾಟಿ ಹಿಂದಕ್ಕೆ ಹೊರಳುತ್ತದೆ.

ಮನೆಗೆ ಬಂದು ಅಳೆದು ನೋಡಿದೆ. ಅಮ್ಮ ಕುಳಿತರೆ ಅದರ ಮೇಲಂಚು ಅವರ ಕುತ್ತಿಗೆಯ ನಡುಭಾಗಕ್ಕೆ ಬರುತ್ತಿತ್ತು.

ಈ ವಸ್ತುವಿನ ಹೆಸರೇ ನಮ್ಮನ್ನು ದಾರಿ ತಪ್ಪಿಸುತ್ತದೆಯೆಂದು ನನಗೆ ಆಗ ಅನಿಸಿತು. ಹೆಡ್‌ರೆಸ್ಟ್ ಎಂದರೆ ತಲೆಗೆ ವಿಶ್ರಾಂತಿ. ಅಮ್ಮ ಅದನ್ನು ‘ತಲೆದಿಂಬು’ ಎಂದೇ ಕರೆಯುತ್ತಿದ್ದರು. ದಿಂಬು ಸೌಖ್ಯಕ್ಕೆ; ಇದ್ದರೂ ಸರಿ, ಇಲ್ಲದಿದ್ದರೂ ಸರಿ. ಅಮೆರಿಕದಲ್ಲಿ 1969ರ ಜನವರಿಯಿಂದ ಹೊಸ ಕಾರುಗಳ ಮುಂದಿನ ಆಸನಗಳಿಗೆ ಇದನ್ನು ಕಡ್ಡಾಯ ಮಾಡಿದಾಗ ಅಲ್ಲಿನ ಕಾನೂನು ಬಳಸಿದ ಮಾತು ವಿಶ್ರಾಂತಿಯದಲ್ಲ, ತಡೆಯದು. ತಲೆಯನ್ನು ತಡೆದು ಕಾಯುವ ಸಾಧನ ಅದು. ಕನ್ನಡದಲ್ಲಿ ‘ತಲೆಗಾಪು’ ಎನ್ನಬಹುದೇನೋ. ಕಾಪು ಎಂಬ ಹಳೆಯ ಮಾತಿನಲ್ಲಿ ಕಾಯುವ ಅರ್ಥ ಇನ್ನೂ ಬದುಕಿದೆ. ಹಾಗೆ ಕರೆದಿದ್ದರೆ ಅದು ಎಲ್ಲಿರಬೇಕೆಂದು ನಾವು ಒಮ್ಮೆಯಾದರೂ ಯೋಚಿಸುತ್ತಿದ್ದೆವು.

ಅಪ್ಪ ಆ ದಿನದಿಂದ ಕಾರಿನ ಹತ್ತಿರ ಸುಳಿಯಲಿಲ್ಲ. ತರುಣರಾಗಿದ್ದಾಗ ಮೇಳದಲ್ಲಿ ವೇಷ ಮಾಡಿದವರು ಅವರು. ಇಡೀ ರಾತ್ರಿ ಕಿರೀಟ ಹೊತ್ತವನಿಗೆ ಕುತ್ತಿಗೆಯ ಬೆಲೆ ಯಾರೂ ಹೇಳಿಕೊಡಬೇಕಾಗಿಲ್ಲ. ಒಂದು ದಿನ ಊಟದ ನಡುವೆ, “ಅದನ್ನು ಕೊಟ್ಟುಬಿಡುವ. ಹೇಗೂ ಈ ಸಲ ನೋಂದಣಿ ನವೀಕರಿಸಬೇಕು” ಎಂದರು. ಅವರೆಂದದ್ದು ಸುಳ್ಳಲ್ಲ. ಐವತ್ತು ವರ್ಷ ದಾಟಿದ ವಾಹನಕ್ಕೆ 2021ರ ನಿಯಮದಂತೆ ವಿಂಟೇಜ್ ಎಂಬ ಮನ್ನಣೆಯುಂಟು. ನಮ್ಮದು ಇನ್ನೂ ಆ ಪ್ರಾಯಕ್ಕೆ ಬಂದಿಲ್ಲ. ಐದೈದು ವರ್ಷಕ್ಕೊಮ್ಮೆ ಪರೀಕ್ಷೆಗೆ ಒಯ್ಯಲೇಬೇಕು. ಅಮ್ಮ ಕುತ್ತಿಗೆಯ ಪಟ್ಟಿಯೊಳಗಿನಿಂದಲೇ, “ಕೊಡುವುದೇನೂ ಬೇಡ. ನಾನು ಹಿಂದೆ ಕೂತುಕೊಳ್ತೇನೆ” ಎಂದರು. ಹಿಂದಿನ ಆಸನಕ್ಕೆ ತಲೆಗಾಪೇ ಇರಲಿಲ್ಲ. ಅದನ್ನು ಹೇಳಲು ನನಗೆ ಬಾಯಿ ಬರಲಿಲ್ಲ.

ಮರುದಿನ ಭಾನುವಾರ. ಆ ಎರಡನ್ನೂ ಕಳಚಿ, ಶುಚಿಮಾಡಿ, ಎತ್ತರಿಸಿ ಕೂರಿಸುವುದೆಂದು ಹೊರಟೆ. ಆಸನದ ಬೆನ್ನನ್ನು ಹಿಂದಕ್ಕೆ ಮಲಗಿಸಿದೆ. ಇಲ್ಲದಿದ್ದರೆ ಮೇಲೆಳೆದದ್ದು ಛಾವಣಿಗೆ ತಾಗುತ್ತದೆ. ಎರಡೂ ಕೈಗಳಿಂದ ಹಿಡಿದು ಜಗ್ಗಿದೆ. ಕಾರೇ ಅಲುಗಿತು, ಅದು ಅಲುಗಲಿಲ್ಲ. ಕಂಬಿಗಳ ಬುಡದಲ್ಲಿ ಕೆಂಪು ತುಕ್ಕು ಕಾಣುತ್ತಿತ್ತು. ನಮ್ಮ ಕರಾವಳಿಯ ಗಾಳಿಗೆ ಉಕ್ಕು ಬಹುಕಾಲ ನಿಲ್ಲುವುದಿಲ್ಲ. ಮೇಲಿನ ಹೊಳಪಿನ ಲೇಪ ಎಲ್ಲಿ ಎದ್ದಿತೋ ಅಲ್ಲಿಂದ ತುಕ್ಕು ಒಳಗೆ ಇಳಿಯುತ್ತದೆ. ತುಕ್ಕೇ ಕಾರಣವೆಂದು ನಾನು ತೀರ್ಮಾನಿಸಿದೆ. ರೆಕ್ಸಿನಿಗೆ ಕಲೆಯಾಗದಂತೆ ಬಟ್ಟೆ ಸುತ್ತಿ, ನಾಲ್ಕೂ ಕಂಬಿಗಳ ಬುಡಕ್ಕೆ ತುಕ್ಕು ಬಿಡಿಸುವ ಎಣ್ಣೆ ಬಿಟ್ಟು, ರಾತ್ರಿಯಿಡೀ ಹಾಗೆಯೇ ಬಿಟ್ಟೆ.

ಮರುದಿನ ಸಂಜೆ ಕಾಲೇಜಿನಿಂದ ಬರುವಾಗ ಪೇಟೆಯ ಗ್ಯಾರೇಜಿನ ಹುಡುಗನನ್ನೂ ಕರೆತಂದೆ. ಅವನು ಮಲೆಯಾಳದಲ್ಲಿ, “ಮಾಷೇ, ಬಲ ಹಾಕಬೇಡಿ” ಎಂದ. ಒಂದು ಪಕ್ಕದಿಂದ ಮಾತ್ರ ಎಳೆದರೆ ಕಂಬಿ ಓರೆಯಾಗಿ ಇನ್ನಷ್ಟು ಸಿಕ್ಕಿಕೊಳ್ಳುತ್ತದೆ. ಮೊದಲು ಕೆಳಕ್ಕೆ ಒತ್ತಿ, ಆಮೇಲೆ ಎರಡೂ ಪಕ್ಕ ಸಮನಾಗಿ ಮೇಲೆತ್ತಬೇಕು. ಕಂಬಿಯ ಸುತ್ತಲಿನ ಪ್ಲಾಸ್ಟಿಕ್ ಕೊಳವೆ ಬಿಗಿದಿದ್ದರೆ ಕೂದಲು ಒಣಗಿಸುವ ಯಂತ್ರದ ಬಿಸಿಗಾಳಿ ಸಾಕು, ಬೆಂಕಿ ಮಾತ್ರ ತೋರಿಸಬಾರದು, ಒಳಗಿನ ಫೋಮ್ ಹೊತ್ತಿದರೆ ಅದರ ಹೊಗೆ ವಿಷ ಎಂದೆಲ್ಲ ತಿಳಿಸಿದ. ಹೇಳಿದಂತೆ ಎಲ್ಲವನ್ನೂ ಮಾಡಿದೆವು. ಎಡಗಡೆಯ ಕಂಬಿಗಳು ಕೂದಲೆಳೆಯಷ್ಟು ಮೇಲೆದ್ದು ಟಕ್ಕೆಂದು ನಿಂತವು. ಅವನು ತಲೆಯಾಡಿಸಿ, “ಇದು ತುಕ್ಕಿನ ಹಿಡಿತವಲ್ಲ, ಏನೋ ಕಚ್ಚಿ ಹಿಡಿದಿದೆ” ಎಂದ. ಕತ್ತಲಾಯಿತು, ಅವನು ಹೊರಟುಹೋದ.

ನಾನೊಬ್ಬನೇ ಟಾರ್ಚು ಹಿಡಿದು ನೋಡುತ್ತಿದ್ದಾಗ ಅಪ್ಪ ಜಗಲಿಯಿಂದ ಇಳಿದು ಬಂದರು. ಬಹಳ ಹೊತ್ತು ಸುಮ್ಮನೆ ನಿಂತರು.

“ಅಲ್ಲಿ ಒಂದು ಗುಂಡಿ ಉಂಟು ಮಗಾ. ರೆಕ್ಸಿನಿನ ಒಳಗೆ” ಎಂದರು.

ಆಮೇಲೆ ಹೇಳಿದರು. ಕಾರು ಮನೆಗೆ ಬಂದ ಹೊಸತರಲ್ಲಿ ನಾನು ಆ ಗುಂಡಿ ಒತ್ತಿ ಹೆಡ್‌ರೆಸ್ಟುಗಳನ್ನು ಕಿತ್ತು ಅಂಗಳಕ್ಕೆ ಒಯ್ಯುತ್ತಿದ್ದೆನಂತೆ. ಎರಡು ಕಂಬಿಗಳನ್ನು ಮೇಲೆ ಮಾಡಿ ನೆತ್ತಿಯ ಮೇಲಿಟ್ಟುಕೊಂಡರೆ ಅದು ಮಹಿಷಾಸುರನ ಕೊಂಬು. ಒಮ್ಮೆ ಹಾಗೆ ಕುಣಿಯುತ್ತ ಬಿದ್ದಾಗ ಕಂಬಿಯ ತುದಿ ತಂಗಿಯ ಹುಬ್ಬಿನ ಮೇಲೆ ಗೀರಿತು. ಕಣ್ಣು ಉಳಿದದ್ದು ಪುಣ್ಯ. ಮುಂದಿನ ವಾರವೇ ಅಪ್ಪ ಕಾರನ್ನು ಸೀಟು ಹೊಲಿಯುವವನಲ್ಲಿಗೆ ಒಯ್ದು, ಅವುಗಳನ್ನು ತೀರ ಕೆಳಗೆ ಒತ್ತಿಸಿ, ಗುಂಡಿ ಕಾಣದ ಹಾಗೆ ಮೇಲಿನಿಂದ ಹೊಸ ರೆಕ್ಸಿನ್ ಹೊಲಿಸಿದರು. “ಮಕ್ಕಳ ಕೈಗೆ ಸಿಗಬಾರದು ಅಂತ ಮಾಡಿಸಿದ್ದು. ಮಕ್ಕಳು ದೊಡ್ಡವರಾದ ಮೇಲೆ ಬಿಚ್ಚಿಸಬೇಕು ಅಂತ ಹೊಳೆಯಲೇ ಇಲ್ಲ” ಎಂದರು. ಅವರ ದನಿ ಅರ್ಥ ಹೇಳುವಾಗಿನ ದನಿಯಾಗಿರಲಿಲ್ಲ.

ತಂಗಿಯ ಹುಬ್ಬಿನ ಗೀರು ನನಗೆ ಚೆನ್ನಾಗಿ ನೆನಪಿದೆ. ಅದು ಹೇಗಾಯಿತೆಂಬುದನ್ನು ಮಾತ್ರ ನಾನು ಅನುಕೂಲವಾಗಿ ಮರೆತಿದ್ದೆ. ಎರಡು ದಿನಗಳಿಂದ ಒಳಗೊಳಗೇ ಅಪ್ಪನನ್ನು ದೂರುತ್ತಿದ್ದವನಿಗೆ ಆ ದೂರಿನ ಇನ್ನೊಂದು ತುದಿ ತನ್ನ ಕೈಯಲ್ಲಿಯೇ ಇದೆಯೆಂದು ತಿಳಿದಾಗ ಏನು ಹೇಳಬೇಕೆಂದು ತೋಚಲಿಲ್ಲ. “ಟಾರ್ಚು ಹಿಡಿಯಿರಿ ಅಪ್ಪಾ” ಎಂದೆ.

ಅಮ್ಮನ ಹೊಲಿಗೆ ಪೆಟ್ಟಿಗೆಯ ಸಣ್ಣ ಕತ್ತರಿಯಿಂದ ಹೊಲಿಗೆಯನ್ನು ಒಂದು ಗೇಣಿನಷ್ಟು ಬಿಚ್ಚಿದೆ. ಎಡಕಂಬಿಯ ಬುಡದಲ್ಲಿ ಹೆಬ್ಬೆರಳ ಉಗುರಿನಷ್ಟಗಲದ ಕಪ್ಪು ಗುಂಡಿ ಇತ್ತು. ಬಲಕಂಬಿಗೆ ಬರಿಯ ಕೊಳವೆ. ಎರಡು ಕಂಬಿಗಳಿದ್ದರೂ ಬೀಗ ಒಂದಕ್ಕೇ ಇರುವುದು ಬಹುಮಟ್ಟಿಗೆ ವಾಡಿಕೆ. ಗುಂಡಿಯ ಒಳಗಿನ ಸ್ಪ್ರಿಂಗು ಕಂಬಿಯಲ್ಲಿ ಕೊರೆದ ಕಚ್ಚಿಗೆ ಹೊಕ್ಕು ಹಿಡಿದುಕೊಳ್ಳುತ್ತದೆ. ಗುಂಡಿ ಸುಲಭವಾಗಿ ಒಳಹೋಗಲಿಲ್ಲ. ಹಳೆಯ ಗರಗಸದ ಅಲಗಿನ ಹಲ್ಲು ಸವೆಸಿ, ಕಂಬಿಯ ಪಕ್ಕದಲ್ಲಿ ಮೆಲ್ಲನೆ ಇಳಿಸಿ ಸ್ಪ್ರಿಂಗನ್ನು ಬದಿಗೊತ್ತಿದೆ. ಅಪ್ಪ ಟಾರ್ಚನ್ನು ಬಾಯಲ್ಲಿ ಕಚ್ಚಿಕೊಂಡು, ಎರಡೂ ಕೈಗಳಿಂದ ಸಮನಾಗಿ ಮೇಲೆತ್ತಿದರು. ಒಣ ಬಾವಿಯ ರಾಟೆಯಂತೆ ಕಿರುಗುಟ್ಟುತ್ತ ಅದು ಹೊರಬಂತು. ಚಾಲಕನ ಪಕ್ಕದ್ದೂ ಅದೇ ರೀತಿ ಬಂತು.

ಈಚೆಗೆ ಮೊಬೈಲುಗಳಲ್ಲಿ ಒಂದು ಮಾತು ಓಡಾಡುತ್ತಿದೆ: ಹೆಡ್‌ರೆಸ್ಟನ್ನು ಕಳಚಲು ಬರುವಂತೆ ಮಾಡಿರುವುದೇ ಅಪಾಯದಲ್ಲಿ ಕಂಬಿಯಿಂದ ಗಾಜು ಒಡೆದು ಪಾರಾಗಲಿಕ್ಕೆಂದು. ಅದು ನಿಜವಲ್ಲ. ಎತ್ತರ ಹೊಂದಿಸುವುದಕ್ಕೆ, ಹೊದಿಕೆ ಬದಲಿಸುವುದಕ್ಕೆ ಆ ಏರ್ಪಾಡು. ಮೂವತ್ತು ವರ್ಷ ಹೊಲಿಗೆಯೊಳಗೆ ಸಿಕ್ಕಿಕೊಂಡದ್ದನ್ನು ಬಿಡಿಸಲು ಎರಡು ಸಂಜೆ ಬೇಕಾದ ನಮಗೆ, ಮುಳುಗುವ ಕಾರಿನಲ್ಲಿ ಅದನ್ನು ನಂಬುವ ಧೈರ್ಯವಿಲ್ಲ.

ಕಂಬಿಗಳನ್ನು ನಯವಾದ ಉಪ್ಪುಕಾಗದದಿಂದ ಉಜ್ಜಿ, ತೆಳುವಾಗಿ ಮೇಣ ಸವರಿ, ಕಚ್ಚುಗಳಲ್ಲಿನ ಮಣ್ಣನ್ನು ಕೆರೆದು ಮತ್ತೆ ಕೂರಿಸಿದೆವು. ರೆಕ್ಸಿನಿನಲ್ಲಿ ಗುಂಡಿಗೆ ತಕ್ಕ ರಂಧ್ರ ಕತ್ತರಿಸಿ ಅಂಚನ್ನು ಅಮ್ಮನೇ ಹೊಲಿದರು. ಈಗ ಅದು ನಾಲ್ಕು ಕಚ್ಚುಗಳಲ್ಲಿ ಏರಿ ನಿಲ್ಲುತ್ತದೆ. ಹಿಂದಿನ ಆಸನದ ಕೊರತೆ ಹಾಗೆಯೇ ಉಳಿದಿದೆ. ಅದಕ್ಕೆ ಆಧಾರ ಕಟ್ಟಿಸುವ ಬಗ್ಗೆ ಗ್ಯಾರೇಜಿನಲ್ಲಿ ಮಾತಾಡಿದ್ದೇನೆ. ಅಲ್ಲಿಯವರೆಗೆ ಹಿಂದೆ ಯಾರನ್ನೂ ಕೂರಿಸುವುದಿಲ್ಲವೆಂದು ನಿಶ್ಚಯಿಸಿದ್ದೇವೆ. ಅತಿಥಿಗಳನ್ನು ಕರೆತರುವಾಗ ಒಬ್ಬೊಬ್ಬರನ್ನೇ ತರಬೇಕಾಗುತ್ತದೆ, ವಿಭಾಗದವರು ಕ್ಷಮಿಸಬೇಕು.

ಪಟ್ಟಿ ತೆಗೆದ ದಿನ ಅಮ್ಮನನ್ನು ಮುಂದಿನ ಆಸನದಲ್ಲಿ ಕೂರಿಸಿದೆವು. ಅಪ್ಪ ಹೊರಗೆ ನಿಂತು, ಕಿಟಕಿಯಿಂದ ಕೈ ಹಾಕಿ ಗುಂಡಿ ಒತ್ತಿ, ತಲೆಗಾಪನ್ನು ಒಂದು ಕಚ್ಚು ಮೇಲಕ್ಕೆ, ಮತ್ತೊಂದು ಕಚ್ಚು ಮೇಲಕ್ಕೆ ಎತ್ತಿದರು. ಅಮ್ಮನ ಕಿವಿಯ ಮಟ್ಟಕ್ಕೆ ಅಂಗೈ ಅಡ್ಡ ಹಿಡಿದು ನೋಡಿದರು. ಬೆನ್ನು ಬಗ್ಗಿಸಿ ಇನ್ನೊಮ್ಮೆ ನೋಡಿದರು.

“ಸಾಕಾ?” ಎಂದು ಕೇಳಿದರು.

“ಸಾಕು, ಇನ್ನು ಹೊರಡುವ” ಎಂದರು ಅಮ್ಮ.

ನವೀಕರಣದ ಅರ್ಜಿ ತುಂಬಿದ್ದಾಗಿದೆ.