ಸಹೃದಯನ ಪಾಲು

ಕವಿ ಹೇಳದೆ ಬಿಟ್ಟದ್ದನ್ನು ತನ್ನ ಸಂಸ್ಕಾರ, ನೆನಪುಗಳ ಬಲದಿಂದ ತುಂಬಿಕೊಂಡು ಕೃತಿಯನ್ನು ಒಳಗೇ ಪೂರ್ಣಗೊಳಿಸಬಲ್ಲವನನ್ನು ಭಾರತೀಯ ಕಾವ್ಯಮೀಮಾಂಸೆ ಸಹೃದಯನೆಂದು ಕರೆದಿದೆ. ಹೊಸದಾಗಿ ಏನು ಕೇಳಬೇಕು, ಏನು ಓದಬೇಕು, ಬಿಡುವಿನಲ್ಲಿ ಏನು ಆಡಬೇಕು ಎಂದು ಯಾರಾದರೂ ಕೇಳಿದಾಗ ಕೊಡುವ ಉತ್ತರಕ್ಕೂ ಇದೇ ಅಳತೆಗೋಲು ಸಲ್ಲುತ್ತದೆ. ಒಂದೇ ಭೇಟಿಯಲ್ಲಿ ಎಲ್ಲವನ್ನೂ ಒಪ್ಪಿಸಿ ಮುಗಿದುಹೋಗುವ ಕೃತಿಗಳಿಗಿಂತ, ಕೆಲಸದ ಒಂದು ಪಾಲನ್ನು ಸವಿಯುವವನ ಕೈಗೇ ಬಿಟ್ಟುಕೊಡುವ ಕೃತಿಗಳು ಹೆಚ್ಚು ಕಾಲ ಜೊತೆಗಿರುತ್ತವೆ.

ಈ ಬಗೆಯ ಸುಖಕ್ಕೆ ಮಲ್ಲಿಕಾರ್ಜುನ ಮನಸೂರರ (1910–1992) ಗಾಯನಕ್ಕಿಂತ ಒಳ್ಳೆಯ ಆರಂಭ ಕನ್ನಡಿಗರಿಗೆ ಮತ್ತೊಂದಿಲ್ಲ. ಧಾರವಾಡದ ಸಮೀಪದ ಮನಸೂರಿನಲ್ಲಿ ಹುಟ್ಟಿದ ಅವರು ಮೊದಲು ನೀಲಕಂಠ ಬುವಾ ಅವರಲ್ಲಿ ಗ್ವಾಲಿಯರ್ ಪದ್ಧತಿಯನ್ನು ಕಲಿತು, ಅನಂತರ ಜೈಪುರ–ಅತ್ರೌಲಿ ಘರಾಣೆಯ ಪ್ರವರ್ತಕರಾದ ಅಲ್ಲಾದಿಯಾ ಖಾನರ ಮಕ್ಕಳಾದ ಮಂಜಿ ಖಾನ್ ಹಾಗೂ ಭೂರ್ಜಿ ಖಾನರಲ್ಲಿ ತಾಲೀಮು ಪಡೆದರು. ಘರಾಣೆಯೆಂದರೆ ಗುರುಮನೆತನದ ಮೂಲಕ ಹರಿದುಬರುವ ಗಾಯನದ ಶೈಲಿ; ಜೈಪುರ ಘರಾಣೆ ಅಪ್ರಚಲಿತ ರಾಗಗಳಿಗೂ, ಎರಡು ರಾಗಗಳನ್ನು ಬೆಸೆದು ಮಾಡಿದ ಜೋಡುರಾಗಗಳಿಗೂ ಹೆಸರಾದದ್ದು. ಮನಸೂರರು ಹಾಡುತ್ತಿದ್ದ ಬಸಂತಿ ಕೇದಾರ ಅಂಥದೊಂದು ರಾಗ. ಬಸಂತದಲ್ಲಿ ರಿಷಭ, ಧೈವತಗಳು ಕೋಮಲವಾಗಿದ್ದರೆ ಕೇದಾರದಲ್ಲಿ ಅವು ಶುದ್ಧವಾಗಿರುತ್ತವೆ. ಆದರೆ ಶುದ್ಧ ಮತ್ತು ತೀವ್ರ ಮಧ್ಯಮಗಳೆರಡೂ ಎರಡು ರಾಗಗಳಿಗೂ ಸೇರಿದವು. ಹೀಗಾಗಿ ಗಾಯಕ ಮಧ್ಯಮಕ್ಕೆ ಬಂದು ನಿಂತ ಕ್ಷಣದಲ್ಲಿ ಮುಂದಿನ ಹೆಜ್ಜೆ ಯಾವ ರಾಗದ ಕಡೆಗೆಂಬುದು ತೆರೆದ ಪ್ರಶ್ನೆಯಾಗಿಯೇ ಉಳಿಯುತ್ತದೆ. ಮನಸೂರರು ಆ ಪ್ರಶ್ನೆಯನ್ನು ಬೇಗನೆ ಬಿಡಿಸುವುದೂ ಇಲ್ಲ, ಸುಮ್ಮನೆ ಎಳೆಯುವುದೂ ಇಲ್ಲ. ಒಂದರ ಮೇಲೊಂದು ಸುರುಳಿಯಾಗಿ ಬೆಳೆಯುವ ಸ್ವರಪುಂಜಗಳನ್ನು ಒಂದೇ ಉಸಿರಿನಲ್ಲಿ ನೇಯುತ್ತ, ರಾಗದಲ್ಲಿ ಕಟ್ಟಿದ ಬಂದಿಶ್ ಎಂಬ ರಚನೆಯ ಮೊದಲ ತುಣುಕಾದ ಮುಖಡಾವನ್ನು ಹಿಡಿದು, ತಾಳದ ಆವರ್ತನೆ ಶುರುವಾಗುವ ಮಾತ್ರೆಯಾದ ‘ಸಮ್’ಗೆ ಅವರು ಬಂದು ಸೇರುವ ರೀತಿಯಲ್ಲಿ, ಇಲ್ಲಿಗೇ ಬರಬೇಕಿತ್ತು ಎಂಬ ತೃಪ್ತಿಯೂ ಹೀಗೆ ಬರಬಹುದೆಂದು ಊಹಿಸಿರಲಿಲ್ಲ ಎಂಬ ಬೆರಗೂ ಒಟ್ಟಿಗೇ ಇರುತ್ತವೆ.

ಈ ಬೆರಗು ಪೂರ್ತಿಯಾಗಿ ದಕ್ಕಬೇಕಾದರೆ ಕೇಳುಗನೂ ಸ್ವಲ್ಪ ಸಿದ್ಧತೆ ಮಾಡಿಕೊಳ್ಳಬೇಕಾಗುತ್ತದೆ. ಕೆಲವು ದಿನ ಬಸಂತವನ್ನು ಬೇರೆಯಾಗಿ, ಕೇದಾರವನ್ನು ಬೇರೆಯಾಗಿ ಕೇಳಿ, ಷಡ್ಜದಿಂದ ನೇರವಾಗಿ ಮಧ್ಯಮಕ್ಕೆ ಹಾರುವ ಕೇದಾರದ ನಡೆಯನ್ನು ಕಿವಿಯಲ್ಲಿ ಉಳಿಸಿಕೊಂಡ ಮೇಲೆ ಜೋಡುರಾಗಕ್ಕೆ ಬರುವುದು, ತೀನತಾಳದ ಹದಿನಾರು ಮಾತ್ರೆಗಳನ್ನು ಬೆರಳಿನಲ್ಲಿ ಎಣಿಸುತ್ತ ಸಮ್‌ಗಾಗಿ ಕಾಯುವುದು, ಇಷ್ಟು ಸಾಕು; ಶಾಸ್ತ್ರದ ಹೆಚ್ಚಿನ ಪಾಂಡಿತ್ಯ ಬೇಕಿಲ್ಲ. ವಚನಗಾಯನದ ಮೂಲಕವಷ್ಟೇ ಮನಸೂರರನ್ನು ಬಲ್ಲವರು ಕರ್ನಾಟಕದಲ್ಲಿ ಬಹಳ ಮಂದಿಯಿದ್ದು, ಅವರೆಲ್ಲರಿಗೂ ಈ ಇನ್ನೊಂದು ಬಾಗಿಲು ತೆರೆಯಬೇಕೆಂಬುದು ಸಣ್ಣ ಆಸೆಯಲ್ಲ. ಅವರ ಆತ್ಮಕಥೆ ‘ನನ್ನ ರಸಯಾತ್ರೆ’ಯನ್ನು ಜೊತೆಯಲ್ಲೇ ಓದಿಕೊಂಡರೆ ಆ ಕಂಠದ ಹಿಂದಿನ ಗುರುಭಕ್ತಿಯ ಆಳವೂ ತಿಳಿಯುತ್ತದೆ.

ಓದಿನ ವಿಷಯಕ್ಕೆ ಬಂದರೆ, ಕಿವಿಯಿಂದಲೇ ಓದಬೇಕಾದ ಕೃತಿಯೊಂದು ಕನ್ನಡದಲ್ಲಿದೆ. ದೇವನೂರ ಮಹಾದೇವರ ‘ಕುಸುಮಬಾಲೆ’ (1984) ನಂಜನಗೂಡು ಸೀಮೆಯ ಆಡುನುಡಿಯಲ್ಲಿ, ಗದ್ಯ–ಪದ್ಯಗಳ ಗಡಿಯಲ್ಲಿ ನಡೆಯುವ ಕಿರುಕಾದಂಬರಿ. ಊರಿನ ದೀಪಗಳ ಆತ್ಮಗಳಾದ ಜೋತಮ್ಮಗಳು ಇರುಳಿನಲ್ಲಿ ಕೂಡಿ ಮಾತಾಡಿಕೊಳ್ಳುವ ಲೋಕ ಅದು. ಶಿಷ್ಟ ಕನ್ನಡಕ್ಕೆ ಪಳಗಿದ ಕಣ್ಣಿಗೆ ಮೊದಲ ಪುಟಗಳು ಒರಟಾಗಿ ಕಂಡು, ಹಲವರು ಅಲ್ಲಿಯೇ ಪುಸ್ತಕ ಮುಚ್ಚುವುದುಂಟು. ಗಟ್ಟಿಯಾಗಿ ಓದಿದರೆ ಅದೇ ವಾಕ್ಯಗಳು ಬಿಡಿಸಿಕೊಳ್ಳುತ್ತವೆ, ಉಸಿರು ಎಲ್ಲಿ ನಿಲ್ಲಬೇಕೆಂಬುದನ್ನು ವಾಕ್ಯವೇ ಹೇಳಿಕೊಡುತ್ತದೆ. ಮೇಲುಜಾತಿಯ ಹೆಣ್ಣನ್ನು ಪ್ರೀತಿಸಿದ ದಲಿತ ತರುಣನ ಕೊಲೆ ಕಥೆಯ ನಡುವಿದ್ದರೂ ಅದನ್ನು ಕೃತಿ ಘೋಷಿಸದೆ, ಹಲವು ಬಾಯಿಗಳ ಮಾತಿನ ಸಂದಿಯಲ್ಲಿ ಓದುಗನೇ ಕಂಡುಕೊಳ್ಳುವಂತೆ ಇಟ್ಟಿರುವುದರಿಂದ, ಆ ಅರಿವು ಬಂದಾಗ ತಟ್ಟುವ ನೋವು ಬಹಳ ಕಾಲ ಆರುವುದಿಲ್ಲ.

ಗಿರೀಶ ಕಾಸರವಳ್ಳಿಯವರ ಮೊದಲ ಕಥಾಚಿತ್ರವಾದ ‘ಘಟಶ್ರಾದ್ಧ’ (1977) ಹಿಡಿದಿರುವುದೂ ಇದೇ ದಾರಿ. ಯು. ಆರ್. ಅನಂತಮೂರ್ತಿಯವರ ಕಥೆಯನ್ನು ಆಧರಿಸಿ, ಬದುಕಿರುವ ವ್ಯಕ್ತಿಯನ್ನೇ ಸತ್ತವರೆಂದು ಬಗೆದು ನಡೆಸುವ ಬಹಿಷ್ಕಾರದ ವಿಧಿಯನ್ನು ಹೆಸರಾಗಿಸಿಕೊಂಡ ಈ ಕಪ್ಪು–ಬಿಳುಪು ಚಿತ್ರ, ಬಾಲವಿಧವೆ ಯಮುನೆಯ ದುರಂತವನ್ನು ವೇದಪಾಠಕ್ಕೆಂದು ಬಂದ ಪುಟ್ಟ ಹುಡುಗ ನಾಣಿಯ ಕಣ್ಣಿನಿಂದ ತೋರಿಸುತ್ತದೆ. ಹುಡುಗನಿಗೆ ಅರ್ಥವಾಗದ್ದು ನೋಡುವವರಿಗೆ ಅರ್ಥವಾಗುತ್ತದೆ, ಆದರೆ ಅವನಂತೆಯೇ ಅವರೂ ಏನನ್ನೂ ತಡೆಯಲಾರರು. ಆ ವರ್ಷದ ಅತ್ಯುತ್ತಮ ಚಿತ್ರದ ರಾಷ್ಟ್ರಪ್ರಶಸ್ತಿಯಾದ ಸ್ವರ್ಣಕಮಲ ಪಡೆದ ಈ ಚಿತ್ರ ಪುನರುಜ್ಜೀವನಗೊಂಡು 2024ರ ವೆನಿಸ್ ಚಿತ್ರೋತ್ಸವದಲ್ಲಿ ಮತ್ತೆ ತೆರೆ ಕಂಡಿತು, ಎಸ್. ರಾಮಚಂದ್ರರ ಛಾಯಾಗ್ರಹಣದ ನೆರಳು–ಬೆಳಕನ್ನು ಹೊಸ ಪ್ರತಿಯಲ್ಲಿ, ದೊಡ್ಡ ಪರದೆಯ ಮೇಲೆ ನೋಡುವ ಅವಕಾಶ ಸಿಕ್ಕಿದರೆ ಬಿಡಬಾರದು.

ಆಟಗಳ ಪೈಕಿ ಅಳಗುಳಿಮಣೆಯನ್ನು, ಮಲೆನಾಡು–ಕರಾವಳಿಯವರು ಚೆನ್ನೆಮಣೆಯೆನ್ನುವುದನ್ನು, ಮರಳಿ ಮನೆಗೆ ತರುವುದು ಒಳಿತು. ಏಳೇಳು ಗುಳಿಗಳ ಎರಡು ಸಾಲುಗಳುಳ್ಳ ಮರದ ಮಣೆ, ಗುಳಿಗೆ ನಾಲ್ಕರಂತೆ ಹುಣಸೆಬೀಜ ಅಥವಾ ಕವಡೆ, ಎದುರುಬದುರು ಇಬ್ಬರು: ಇಷ್ಟೇ ಅದರ ಸಲಕರಣೆ. ಒಂದು ಗುಳಿಯ ಬೀಜಗಳನ್ನೆತ್ತಿ ಮುಂದಿನ ಗುಳಿಗಳಿಗೆ ಒಂದೊಂದಾಗಿ ಹಾಕುತ್ತ ಹೋಗಿ, ಕೈ ಬರಿದಾದಾಗ ಮುಂದಿನ ಗುಳಿಯಿಂದೆತ್ತಿ ಆಟ ಮುಂದುವರಿಸುವುದು, ಮುಂದಿನ ಗುಳಿ ಖಾಲಿಯಿದ್ದರೆ ಅದರಾಚೆಯದನ್ನು ಗೆದ್ದುಕೊಳ್ಳುವುದು ಇದರ ಸಾಮಾನ್ಯ ಕ್ರಮ. ಚೌಕಾಬಾರದಂತೆ ಇಲ್ಲಿ ಕವಡೆ ಬೀಳುವ ಅದೃಷ್ಟಕ್ಕೆ ಎಡೆಯಿಲ್ಲ. ಹದಿನಾಲ್ಕು ಗುಳಿಗಳ ಸ್ಥಿತಿಯನ್ನು ಮನಸ್ಸಿನಲ್ಲಿಟ್ಟು ಕೊನೆಯ ಬೀಜ ಎಲ್ಲಿ ಬೀಳುವುದೆಂದು ಮೊದಲೇ ಕಾಣಬಲ್ಲವರು ಗೆಲ್ಲುತ್ತಾರೆ, ಮತ್ತು ಆ ಎಣಿಕೆ ಕೈಗೂಡಿದಾಗ ಆಗುವ ಹಿಗ್ಗು ಸಮ್‌ಗೆ ಕಾದ ಕೇಳುಗನ ಹಿಗ್ಗಿಗಿಂತ ಕಡಿಮೆಯದಲ್ಲ. ಗುಳಿಗೆ ನಾಲ್ಕರ ಬದಲು ಐದು ಬೀಜ ಹಾಕುವವರಿದ್ದಾರೆ, ಗೆಲ್ಲುವ ಕ್ರಮವೂ ಊರಿನಿಂದೂರಿಗೆ ಬದಲಾಗುತ್ತದೆ. ಆದ್ದರಿಂದ ಮುದ್ರಿತ ಕೈಪಿಡಿಗಿಂತ, ಬಾಲ್ಯದಲ್ಲಿ ಇದನ್ನು ಆಡಿದ ಹಿರಿಯರೊಬ್ಬರನ್ನು ಎದುರು ಕೂರಿಸಿಕೊಂಡು ಅವರ ಮನೆಯ ಕ್ರಮದಲ್ಲೇ ಮೊದಲ ಆಟ ಕಲಿಯುವುದು ಮೇಲು.