ಎರಡು ಬೋಗಿಯ ದಾರಿ

ಆಟಗಳ ವಿಷಯದಲ್ಲಿ ನನ್ನ ವಿದ್ಯೆ ಬಾಲ್ಯದ ಚೌಕಾಬಾರದೊಂದಿಗೆ ಮುಗಿದಿತ್ತು. ಜಗಲಿಯ ಕಲ್ಲಿನ ಮೇಲೆ ಸೀಮೆಸುಣ್ಣದಿಂದ ಮನೆಗಳನ್ನು ಬರೆದು, ಕವಡೆಗಳನ್ನು ಉರುಳಿಸಿ, ಎದುರಾಳಿಯ ಕಾಯನ್ನು ಕಡಿದು ಮೊದಲ ಮನೆಗೆ ಅಟ್ಟಿದಾಗ ಉಂಟಾಗುತ್ತಿದ್ದ ಸಂತೋಷಕ್ಕೆ ಸಮನಾದುದು ಮುಂದಿನ ಬಾಳಿನಲ್ಲಿ ನನಗೆ ಹೆಚ್ಚಾಗಿ ದೊರೆಯಲಿಲ್ಲ. ಎಪ್ಪತ್ತು ದಾಟಿದ ಮೇಲೆ ಹೊಸದೊಂದು ಆಟವನ್ನು ಕಲಿಯಬೇಕಾದೀತೆಂದಾಗಲಿ, ಅದು ನನ್ನ ಸಂಸಾರದ ಹಳೆಯ ಲೆಕ್ಕವೊಂದನ್ನು ನನ್ನ ಮುಂದೆ ತೆರೆದಿಟ್ಟೀತೆಂದಾಗಲಿ ನಾನು ಎಣಿಸಿರಲಿಲ್ಲ.

ಕಳೆದ ಚಳಿಗಾಲದಲ್ಲಿ ನಾನೂ ನನ್ನಾಕೆಯೂ ಅಮೆರಿಕದ ಷಿಕಾಗೊ ನಗರದ ಹೊರವಲಯದಲ್ಲಿರುವ ಮಗಳ ಮನೆಯಲ್ಲಿ ಮೂರು ತಿಂಗಳು ಇದ್ದೆವು. ಹೊರಗೆ ಮೊಳಕಾಲುದ್ದ ಹಿಮ. ಒಳಗೆ ಮಾಡಲು ಕೆಲಸವಿಲ್ಲ. ರಾತ್ರಿಯ ಹೊತ್ತು ದೂರದಲ್ಲಿ ಸರಕು ರೈಲಿನ ಕೂಗು ಕೇಳಿಬರುತ್ತಿತ್ತು. ಆ ದೇಶದ ರೈಲುದಾರಿಗಳೆಲ್ಲ ಬಂದು ಕೂಡುವ ಊರು ಅದು. ಆ ಕೂಗನ್ನು ಕೇಳಿ ನಾನು ಒಂದು ಸಂಜೆ ನಮ್ಮ ಅರಸೀಕೆರೆ ಜಂಕ್ಷನ್ನಿನ ಮಾತೆತ್ತಿದೆ. ಹತ್ತು ವರ್ಷದ ಮೊಮ್ಮಗಳು, “ತಾತ, ನಿಮಗೆ ರೈಲು ಇಷ್ಟವೆಂದರೆ ಒಂದು ಆಟವಿದೆ” ಎಂದು ಒಳಗೋಡಿ ದೊಡ್ಡದೊಂದು ಪೆಟ್ಟಿಗೆಯನ್ನು ತಂದು ಊಟದ ಮೇಜಿನ ಮೇಲಿಟ್ಟಳು.

ಆಟದ ಹೆಸರು ‘ಟಿಕೆಟ್ ಟು ರೈಡ್’. ಅಲನ್ ಮೂನ್ ಎಂಬಾತನು ರಚಿಸಿದ ಈ ಆಟವು 2004ರಲ್ಲಿ ಪ್ರಕಟವಾಗಿ, ಅದೇ ವರ್ಷ ಜರ್ಮನಿಯ ‘ವರ್ಷದ ಆಟ’ ಎಂಬ ಬಹುಮಾನವನ್ನು ಪಡೆಯಿತು. ಹಲಗೆಯ ಮೇಲೆ ಉತ್ತರ ಅಮೆರಿಕದ ನಕ್ಷೆ. ಊರಿಂದೂರಿಗೆ ಬಣ್ಣಬಣ್ಣದ ದಾರಿಗಳು. ಒಬ್ಬೊಬ್ಬರಿಗೂ 45 ಪುಟ್ಟ ಬೋಗಿಗಳು; ಜೊತೆಗೆ ಇಸ್ಪೀಟಿನ ಎಲೆಗಳಂತಹ ಬಣ್ಣದ ಎಲೆಗಳು. ಹಸಿರು ಬಣ್ಣದ ಆರು ಮನೆಗಳ ದಾರಿಯನ್ನು ಹಿಡಿಯಬೇಕಾದರೆ ಆರು ಹಸಿರು ಎಲೆಗಳನ್ನು ಕೂಡಿಹಾಕಿ ಕೊಡಬೇಕು. ಬೂದುಬಣ್ಣದ ದಾರಿಗೆ ಯಾವ ಬಣ್ಣವಾದರೂ ಸರಿ, ಎಲ್ಲ ಎಲೆಗಳೂ ಒಂದೇ ಬಣ್ಣದವಾಗಿರಬೇಕು. ಇಂಜಿನಿನ ಎಲೆ ಮಾತ್ರ ಯಾವ ಬಣ್ಣದ ಬದಲಿಗೂ ಸಲ್ಲುತ್ತದೆ. ಒಂದು ಬೋಗಿಯ ದಾರಿಗೆ ಒಂದು ಅಂಕ, ಎರಡಕ್ಕೆ ಎರಡು. ಆರು ಬೋಗಿಯ ದಾರಿಗಾದರೋ ಹದಿನೈದು! ಸರದಿ ಬಂದಾಗ ಎಲೆಗಳನ್ನು ಎತ್ತಿಕೊಳ್ಳಬಹುದು, ದಾರಿ ಹಿಡಿಯಬಹುದು, ಅಥವಾ ಹೊಸ ಚೀಟಿಗಳನ್ನು ತೆಗೆಯಬಹುದು; ಮೂರರಲ್ಲಿ ಒಂದೇ.

ಈ ಚೀಟಿಗಳೇ ಆಟದ ಜೀವ. ಪ್ರತಿಯೊಂದು ಚೀಟಿಯಲ್ಲಿಯೂ ಎರಡು ಊರುಗಳ ಹೆಸರೂ ಒಂದು ಅಂಕವೂ ಇರುತ್ತವೆ. ಆ ಊರುಗಳನ್ನು ನಮ್ಮ ಬೋಗಿಗಳಿಂದಲೇ ಎಡೆಬಿಡದೆ ಕೂಡಿಸಿದರೆ ಆ ಅಂಕ ನಮಗೆ ಬರುತ್ತದೆ. ಕೂಡಿಸಲಾರದೆ ಹೋದರೆ ಅಷ್ಟೇ ಅಂಕ ನಮ್ಮ ಗಳಿಕೆಯಿಂದ ಕಳೆದುಹೋಗುತ್ತದೆ. ಚೀಟಿಯನ್ನು ಮಾತ್ರ ಕೊನೆಯವರೆಗೂ ಯಾರಿಗೂ ತೋರಿಸತಕ್ಕದ್ದಲ್ಲ.

“ಕಡಿಯುವುದು ಇಲ್ಲವೇ?” ಎಂದು ನಾನು ಕೇಳಿದೆ. ಇಲ್ಲವಂತೆ. ಒಮ್ಮೆ ಇಟ್ಟ ಬೋಗಿಯನ್ನು ಯಾರೂ ಕೀಳುವಂತಿಲ್ಲ. ಇದೆಂತಹ ಸಪ್ಪೆ ಆಟವೆಂದುಕೊಂಡೆ. ಕಡಿಯದೆಯೂ ಒಬ್ಬರ ದಾರಿಯನ್ನು ಇನ್ನೊಬ್ಬರು ಕೆಡಿಸಬಹುದೆಂಬುದು ಆಗ ನನಗೆ ಹೊಳೆಯಲಿಲ್ಲ.

ಮೂವರು ಆಡಲು ಕುಳಿತೆವು. ನನಗೆ ಬಂದ ಚೀಟಿಗಳಲ್ಲಿ ಒಂದು ಲಾಸ್ ಏಂಜಲೀಸ್‌ನಿಂದ ಮಯಾಮಿಗೆ ಹೋಗುವುದು. ಅದಕ್ಕೆ 20 ಅಂಕ. ಖಂಡದ ಒಂದು ಕಡಲಿಂದ ಇನ್ನೊಂದು ಕಡಲಿಗೆ! ನಾನು ಉಬ್ಬಿಹೋದೆ. ದಕ್ಷಿಣದ ಅಂಚಿನಲ್ಲಿ ಲಾಸ್ ಏಂಜಲೀಸ್‌ನಿಂದ ಎಲ್ ಪಾಸೊವಿಗೆ ಆರು ಬೋಗಿ, ಅಲ್ಲಿಂದ ಹ್ಯೂಸ್ಟನ್ನಿಗೆ ಆರು, ಅಲ್ಲಿಂದ ನ್ಯೂ ಆರ್ಲಿಯನ್ಸ್‌ಗೆ ಎರಡು, ಕೊನೆಗೆ ಮಯಾಮಿಗೆ ಮತ್ತೆ ಆರು. ಆರು ಬೋಗಿಯ ಮೂರು ದಾರಿಗಳನ್ನೂ ಒಂದರ ಹಿಂದೊಂದರಂತೆ ಹಿಡಿದೆ. ಎಣಿಕೆಯಲ್ಲಿ ಎಲ್ಲರಿಗಿಂತ ಮುಂದಿದ್ದೆ. ನಡುವೆ ಉಳಿದದ್ದು ಬೂದುಬಣ್ಣದ ಎರಡೇ ಎರಡು ಬೋಗಿಯ ದಾರಿ. ಎರಡು ಅಂಕದ ಆ ತುಂಡು ಯಾರಿಗೆ ಬೇಕು? ಎಲ್ಲಿ ಹೋಗುತ್ತದೆ? ಆಮೇಲೆ ನೋಡೋಣವೆಂದು ಬೇರೆ ಎಲೆಗಳನ್ನು ಎತ್ತುತ್ತ ಕುಳಿತೆ.

ನನ್ನಾಕೆ ಮಾತಿಲ್ಲದೆ ಒಂದೆರಡು ಬೋಗಿಗಳ ಸಣ್ಣ ದಾರಿಗಳನ್ನೇ ಹಿಡಿಯುತ್ತಿದ್ದಳು. ಷಿಕಾಗೊವಿನಿಂದ ಸೇಂಟ್ ಲೂಯಿಸ್, ಅಲ್ಲಿಂದ ಕ್ಯಾನ್ಸಸ್ ಸಿಟಿ, ಒಕ್ಲಹೋಮ ಸಿಟಿ, ಡಲ್ಲಾಸ್, ಹ್ಯೂಸ್ಟನ್. ಇರುವೆಯ ಸಾಲಿನಂತೆ ಅವಳ ಬೋಗಿಗಳು ಕೆಳಗಿಳಿದವು. ಮುಂದಿನ ಸರದಿಯಲ್ಲಿ ಎರಡು ಬಿಳಿಯ ಎಲೆಗಳನ್ನು ಕೊಟ್ಟು ಹ್ಯೂಸ್ಟನ್ನಿಗೂ ನ್ಯೂ ಆರ್ಲಿಯನ್ಸ್‌ಗೂ ನಡುವೆ ಎರಡು ಬೋಗಿಗಳನ್ನು ಇಟ್ಟುಬಿಟ್ಟಳು.

ನನ್ನ ದಾರಿ ಎರಡು ತುಂಡಾಯಿತು. ಡಲ್ಲಾಸ್, ಲಿಟಲ್ ರಾಕ್‌ಗಳ ಮೇಲೆ ಸುತ್ತಿಕೊಂಡು ಹೋಗಲು ಒಂಬತ್ತು ಬೋಗಿಗಳ ದಾರಿಯೇನೋ ಇತ್ತು. ಆದರೆ ಅದಕ್ಕೆ ಬೇಕಾದ ಕೆಂಪು ಎಲೆಗಳನ್ನೆಲ್ಲ ಮಯಾಮಿಯ ದಾರಿಗೆ ಸುರಿದಿದ್ದೆ. ಅವು ಮತ್ತೆ ಕೂಡುವಷ್ಟರಲ್ಲಿ, ವ್ಯಾಂಕೂವರಿನಿಂದ ಮಾಂಟ್ರಿಯಲ್‌ವರೆಗೆ ಸಾಲು ಹೂಡಿದ್ದ ಮೊಮ್ಮಗಳ ಕೈಯಲ್ಲಿ ಎರಡೇ ಬೋಗಿ ಉಳಿದವು. ಹಾಗಾದರೆ ಎಲ್ಲರಿಗೂ ಇನ್ನೊಂದೊಂದೇ ಸರದಿ, ಆಟ ಮುಗಿಯಿತು. ನನ್ನ ಗಳಿಕೆಯಿಂದ 20 ಅಂಕ ಕಳೆದುಹೋಯಿತು. ಮೊಮ್ಮಗಳೇ ಗೆದ್ದಳು, ನಾನು ಎಲ್ಲರಿಗಿಂತ ಹಿಂದೆ.

“ಬೇಕೆಂದೇ ಅಡ್ಡ ಹಾಕಿದೆಯಲ್ಲವೇ?” ಎಂದು ನನ್ನಾಕೆಯನ್ನು ಕೇಳಿದೆ. ದನಿಯಲ್ಲಿ ಸ್ವಲ್ಪ ಬಿಸಿ ಇದ್ದಿರಬೇಕು. ಅವಳು ತನ್ನ ಎರಡು ಚೀಟಿಗಳನ್ನು ತಿರುವಿ ಹಾಕಿದಳು. ಷಿಕಾಗೊ–ನ್ಯೂ ಆರ್ಲಿಯನ್ಸ್, 7. ಕ್ಯಾನ್ಸಸ್ ಸಿಟಿ–ಹ್ಯೂಸ್ಟನ್, 5. ಒಂದೇ ಸಾಲಿನಲ್ಲಿ ಎರಡನ್ನೂ ಪೂರೈಸಿದ್ದಳು.

“ನಿಮ್ಮ ಕೈಯಲ್ಲಿ ಏನಿತ್ತೆಂದು ನನಗೇನು ಗೊತ್ತು? ನನ್ನ ಕೈಯಲ್ಲಿಯೂ ಚೀಟಿ ಇತ್ತೆಂಬುದು ನಿಮಗೆ ನೆನಪಿತ್ತೇ?” ಎಂದಳು.

ಅವಳು ನಗುತ್ತಲೇ ಹೇಳಿದಳು. ಆದರೂ ಆ ಮಾತು ನನ್ನನ್ನು ಮಲಗಗೊಡಲಿಲ್ಲ.

ಅದೇ ದೇಶದಲ್ಲಿ 1869ರ ಮೇ 10ರಂದು, ಯೂಟಾ ಪ್ರಾಂತದ ಪ್ರೊಮಾಂಟರಿ ಎಂಬಲ್ಲಿ, ಪೂರ್ವದಿಂದ 1,086 ಮೈಲಿ ಬಂದ ಕಂಬಿಯೂ ಪಶ್ಚಿಮದಿಂದ 690 ಮೈಲಿ ಬಂದ ಕಂಬಿಯೂ ಕೂಡಿಕೊಂಡವು. ಕೊನೆಯ ಒಂದು ಮಾರು ಕಂಬಿಯನ್ನು ಆಮೇಲೆ ನೋಡೋಣವೆಂದು ಬಿಟ್ಟಿದ್ದರೆ ಆ ಸಾವಿರಾರು ಮೈಲಿಗಳ ದುಡಿಮೆ ಏನಾಗುತ್ತಿತ್ತು? ಹೀಗೆ ಯೋಚಿಸುತ್ತ ಮಲಗಿದ್ದವನಿಗೆ, ಅದೇ ಮಾತನ್ನು ನಾನು ಹಿಂದೊಮ್ಮೆ ಆಡಿದ್ದೆನೆಂಬುದು ನೆನಪಾಯಿತು.

1976ರಲ್ಲಿ ನನಗೆ ಮೈಸೂರಿನಿಂದ ಶಿವಮೊಗ್ಗಕ್ಕೆ ವರ್ಗವಾಯಿತು. ಮದುವೆಯಾಗಿ ವರ್ಷ ತುಂಬಿರಲಿಲ್ಲ. ಅವಳ ಬಿ.ಎ. ಪದವಿಗೆ ಒಂದೇ ವರ್ಷ ಉಳಿದಿತ್ತು. “ಚಿಕ್ಕಪ್ಪನ ಮನೆಯಲ್ಲಿ ಇದ್ದುಕೊಂಡು ಪರೀಕ್ಷೆ ಮುಗಿಸಿ ಬರಲೇ?” ಎಂದು ಅವಳು ಕೇಳಿದಳು. “ಒಂದು ವರ್ಷದ ಓದು ಎಲ್ಲಿ ಹೋಗುತ್ತದೆ? ಆಮೇಲೆ ನೋಡೋಣ” ಎಂದೆ ನಾನು. ಅರಸೀಕೆರೆಯಲ್ಲಿ ಗಾಡಿ ಬದಲಾಯಿಸಲು ಇಳಿದಾಗ ನಡುರಾತ್ರಿ. ಅವಳು ಪ್ಲಾಟ್‌ಫಾರ್ಮಿನ ದೀಪದ ಕೆಳಗೆ ಟ್ರಂಕಿನ ಮೇಲೆ ಕುಳಿತು ಪಠ್ಯಪುಸ್ತಕವನ್ನು ತೆರೆದುಕೊಂಡಿದ್ದಳು. ಅದನ್ನು ನೋಡಿ ನಾನು ‘ಪಾಪ, ಹೊತ್ತು ಹೋಗಬೇಕಲ್ಲ’ ಎಂದುಕೊಂಡೆನೇ ಹೊರತು ಬೇರೇನೂ ಯೋಚಿಸಲಿಲ್ಲ. ಮುಂದೆ ಮಕ್ಕಳು, ಬೇರೆ ಬೇರೆ ಊರುಗಳ ವರ್ಗ, ನನ್ನ ಬಡ್ತಿ. ಆರು ಬೋಗಿಯ ದಾರಿಗಳೆಲ್ಲ ನನ್ನವು. ಅವಳ ಆ ಒಂದು ವರ್ಷ ಹಾಗೆಯೇ ಉಳಿಯಿತು. ನಾನು ಅಡ್ಡಿಪಡಿಸಿದವನಲ್ಲವೆಂದೇ ಇಷ್ಟು ಕಾಲವೂ ನಂಬಿದ್ದೆ. ನಿಜ, ನಾನು ಏನನ್ನೂ ಕಡಿಯಲಿಲ್ಲ. ನನ್ನ ಬೋಗಿಗಳನ್ನು ಇಟ್ಟುಕೊಂಡು ಹೋದೆ, ಅಷ್ಟೆ.

ಅವಳಿಗೂ ನಿದ್ದೆ ಬಂದಿರಲಿಲ್ಲ. ಕತ್ತಲಲ್ಲಿಯೇ ಆ ಮಾತನ್ನು ಎತ್ತಿದೆ. ಅವಳು ಬಹಳ ಹೊತ್ತು ಸುಮ್ಮನಿದ್ದಳು.

“ಆ ಪರೀಕ್ಷೆಗಾಗಿ ಈಗ ಅಳುವವಳು ನಾನಲ್ಲ. ಆದರೆ ಆಮೇಲೆ ನೋಡೋಣ ಎಂದಿರಲ್ಲ, ಆ ಆಮೇಲೆಗಾಗಿ ಕೆಲವು ವರ್ಷ ಕಾದೆ. ಪುಸ್ತಕಗಳನ್ನು ಭದ್ರಾವತಿಯ ಮನೆ ಬಿಡುವಾಗ ಯಾರಿಗೋ ಕೊಟ್ಟೆ. ನೀವು ಅದನ್ನು ಗಮನಿಸಲಿಲ್ಲ” ಎಂದಳು.

ನನಗೆ ಉತ್ತರ ತೋಚಲಿಲ್ಲ. ದೂರದಲ್ಲಿ ಸರಕು ರೈಲು ಕೂಗಿತು. “ಮಲಗಿಕೊಳ್ಳಿ” ಎಂದಳು.

ಊರಿಗೆ ಹೊರಟಾಗ ಮೊಮ್ಮಗಳು ಆ ಪೆಟ್ಟಿಗೆಯನ್ನು ನಮ್ಮ ಸಾಮಾನಿನಲ್ಲಿ ಇಟ್ಟು ಕಳುಹಿಸಿದಳು. ಈಗ ಸಂಜೆಯ ಕಾಫಿಯಾದ ಮೇಲೆ ಪಡಸಾಲೆಯಲ್ಲಿ ನಾವಿಬ್ಬರೇ ಆಡುತ್ತೇವೆ. ಎರಡು ಬೋಗಿಯ ದಾರಿಗಳನ್ನು ಮೊದಲು ಹಿಡಿಯಬೇಕೆಂಬಷ್ಟು ಬುದ್ಧಿ ನನಗೆ ಬಂದಿದೆ. ಇನ್ನೊಂದು ಅಭ್ಯಾಸವೂ ಅಂಟಿಕೊಂಡಿದೆ. ಎಲೆಗಳನ್ನು ಹಂಚಿದೊಡನೆಯೇ, “ನಿನ್ನ ಚೀಟಿ ಯಾವ ಊರಿನದು?” ಎಂದು ಕೇಳಿಬಿಡುತ್ತೇನೆ.

ಅವಳು ಚೀಟಿಗಳನ್ನು ಎದೆಗೆ ಒತ್ತಿಕೊಂಡು ಹೇಳುತ್ತಾಳೆ: “ಕೇಳಬೇಕಾದಲ್ಲಿ ಕೇಳಲಿಲ್ಲ, ಕೇಳಬಾರದಲ್ಲಿ ಕೇಳುತ್ತೀರಿ. ಆಡಿ, ನಿಮ್ಮದೇ ಸರದಿ.”