ಹಿತ್ತಲ ಹಕ್ಕಿ

ಕೊಪ್ಪದ ಮೇಷ್ಟ್ರಿಗೂ ಪ್ರವಾಸಕ್ಕೂ ಎಂದೂ ಆಗಿಬಂದುದಿಲ್ಲ. ಮದ್ದೂರಿಗೆ ಹೋಗಿಬರಬೇಕಾದರೂ ಹಿಂದಿನ ರಾತ್ರಿಯೇ ಕೊಡೆ, ಕೈಚೀಲ, ಬಸ್ಸಿನ ಚಿಲ್ಲರೆಗಳನ್ನು ಅಣಿಮಾಡಿಟ್ಟುಕೊಂಡು, ಬಸ್ಸು ಬರುವ ಮುಕ್ಕಾಲು ಗಂಟೆ ಮೊದಲೇ ನಿಲ್ದಾಣದಲ್ಲಿ ನಿಲ್ಲುವವರು ಅವರು. ಅಂಥವರು ಹೆಂಡತಿಯೊಡನೆ ವಿಮಾನವೇರಿ ಸಿಂಗಪುರಕ್ಕೆ ಹೊರಟಾಗ, ಸಕ್ಕರೆ ಕಾರ್ಖಾನೆಗೆ ಹೊರಟಿದ್ದ ಕಬ್ಬಿನ ಗಾಡಿಗಳು ಕೂಡ ನಿಂತು ನೋಡಿದವೆಂದು ನೆರೆಯವರು ನಗೆಯಾಡಿದರು. ಹನ್ನೆರಡು ವರ್ಷಗಳಿಂದ ಅಲ್ಲಿ ಉದ್ಯೋಗದಲ್ಲಿರುವ ಮಗ, “ಈ ಸಲ ನೀವು ಬಾರದಿದ್ದರೆ ನಾನೂ ಊರಿಗೆ ಬರುವುದಿಲ್ಲ” ಎಂದು ಹಟ ಹಿಡಿದಿದ್ದ. ಮೇಷ್ಟ್ರ ಹಟ ಊರಿಗೆಲ್ಲ ಪ್ರಸಿದ್ಧವಾದುದು. ಆದರೆ ಅದೇ ಹಟ ಮಗನಲ್ಲಿ ಕಂಡಾಗ ಅವರು ಸೋತರು.

ಅಲ್ಲಿ ಅವರ ದಿನಚರಿಯನ್ನೆಲ್ಲ ವಹಿಸಿಕೊಂಡವಳು ಒಂಬತ್ತು ವರ್ಷದ ಮೊಮ್ಮಗಳು. ಡಿಸೆಂಬರಿನ ಶಾಲಾ ರಜೆ. ತಾತನಿಗೆ ತೋರಿಸಬೇಕಾದ ಪ್ರಾಣಿಗಳ ಪಟ್ಟಿಯನ್ನು ಬರೆದು ಅಡಿಗೆಮನೆಯ ಗೋಡೆಗೆ ಅಂಟಿಸಿಯೇ ಬಿಟ್ಟಿದ್ದಳು. ಕತ್ತಲಾದ ಮೇಲೆಯೇ ಬಾಗಿಲು ತೆರೆಯುವ ಮೃಗಾಲಯವೊಂದು ಅಲ್ಲಿ 1994ರಿಂದ ಇದೆ. ಸಣ್ಣ ರೈಲಿನಂಥ ವಾಹನದಲ್ಲಿ ಕುಳಿತು ಮಂದ ಬೆಳಕಿನಲ್ಲಿ ಹುಲಿ, ಆನೆಗಳನ್ನು ನೋಡುತ್ತ ಸಾಗಬೇಕು. “ನಿದ್ದೆಗೆಟ್ಟು ಕಾಡುಮೃಗ ನೋಡಲು ದುಡ್ಡು ಬೇರೆ ಕೊಡಬೇಕೆ?” ಎಂದು ಅಜ್ಜಿ ಗೊಣಗಿದರೂ ಕಡೆಯವರೆಗೆ ರೆಪ್ಪೆ ಬಡಿಯದೆ ನೋಡಿದವರು ಅವರೇ. ಮರುವಾರ ಮ್ಯಾಕ್‌ರಿಚಿ ಜಲಾಶಯದ ಕಾಡು. ಅಲ್ಲಿ ಮರಗಳ ನೆತ್ತಿಯ ಮಟ್ಟದಲ್ಲಿ 250 ಮೀಟರ್ ಉದ್ದದ ತೂಗುಸೇತುವೆ. ಕಾಲಿನಡಿಯಲ್ಲಿ ಹಸಿರು ತೂಗುತ್ತಿದ್ದುದನ್ನು ಕಂಡು ಮೇಷ್ಟ್ರು ಸೊಸೆಯ ಕೈಹಿಡಿದೇ ದಾಟಿದರು. ದಾರಿಯಲ್ಲಿ ಎದುರಾದ ಕೋತಿಗೆ ಅಜ್ಜಿ ಸೆರಗಿನ ಗಂಟಿನಿಂದ ಕಡಲೆಕಾಯಿ ತೆಗೆದಾಗ ಮಗ ಓಡಿಬಂದು ತಡೆದ. ಕಾಡುಪ್ರಾಣಿಗೆ ತಿನಿಸು ಹಾಕಿದರೆ ಆ ದೇಶದಲ್ಲಿ ದಂಡ. “ಹನುಮಂತರಾಯನಿಗೆ ಹಿಡಿ ಕಡಲೆಕಾಯಿ ಕೊಟ್ಟರೆ ದಂಡವೆ!” ಎಂಬ ಆಶ್ಚರ್ಯ ಅವರಿಗೆ ಎರಡು ದಿನ ಇಳಿಯಲಿಲ್ಲ.

ಪಟ್ಟಿಯಲ್ಲಿ ಕೊನೆಗೆ ಉಳಿದಿದ್ದುದು ಸುಂಗೈ ಬುಲೋ ಎಂಬ ಜೌಗುಪ್ರದೇಶ. ಉಪ್ಪುನೀರಿನಲ್ಲೇ ಬೇರು ಬಿಟ್ಟು ನಿಲ್ಲುವ ಕಾಂಡ್ಲಾ ಮರಗಳು, ಅವುಗಳ ನಡುವೆ ಮರದ ಹಲಗೆ ಹಾಸಿದ ಕಾಲುದಾರಿ. ಆಳೆತ್ತರದ ಉಡವೊಂದು ಜಮೀನ್ದಾರನ ಗತ್ತಿನಲ್ಲಿ ದಾರಿ ದಾಟಿತು. ಕೆಸರಿನ ಮೇಲೆ ಮೀನುಗಳು ಕಪ್ಪೆಗಳಂತೆ ಕುಪ್ಪಳಿಸುತ್ತಿದ್ದವು. ಸೈಬೀರಿಯದ ಚಳಿಗೆ ಹೆದರಿ ಸಾವಿರಾರು ಮೈಲಿ ಹಾರಿಬಂದ ಪುಟ್ಟ ಹಕ್ಕಿಗಳು ಇಳಿತದ ನೀರಿನಲ್ಲಿ ಹುಳ ಹೆಕ್ಕುತ್ತಿದ್ದವು. ಮೇಷ್ಟ್ರು ಇದ್ದಕ್ಕಿದ್ದಂತೆ ನಿಂತರು. ನೀರಿನಂಚಿನಲ್ಲಿ ಉದ್ದ ಕಾಲಿನ ಹಕ್ಕಿಯೊಂದು ಧ್ಯಾನಕ್ಕೆ ಕುಳಿತಂತೆ ನಿಂತಿತ್ತು. ಹಳದಿ ಕೊಕ್ಕು, ಕಿತ್ತಳೆಗೆಂಪು ಮೋರೆ, ಎದೆಗೆ ಅಡ್ಡಲಾಗಿ ಕಪ್ಪು ಪಟ್ಟಿ, ಬಾಲದ ಬಳಿ ಓಕುಳಿ ಎರಚಿದಂಥ ಗುಲಾಬಿ ಗರಿ.

“ಬಣ್ಣದ ಕೊಕ್ಕರೆ! ನಮ್ಮ ತಾಲ್ಲೂಕಿನ ಹಕ್ಕಿ!” ಎಂದರು.

ಅದು ಆ ನಾಡಿನ ಮೂಲನಿವಾಸಿಯಲ್ಲ. ಅಲ್ಲಿನ ಮೃಗಾಲಯದಲ್ಲಿ ಬಿಡುವಾಗಿ ಸಾಕಿದ ಕೊಕ್ಕರೆಗಳು ಹೊರಗೆ ಹಾರಿ ನೆಲೆಯೂರಿದ ಸಂತತಿ ಎಂದು ಮಗ ವಿವರಿಸಿದ. ಹೆಂಡತಿ ಮೆಲ್ಲನೆ, “ನಮ್ಮವನ ಹಾಗೆಯೇ” ಎಂದರು.

ಮೊಮ್ಮಗಳು ಬಿಡಲಿಲ್ಲ. ಹಲಗೆಯ ಮೇಲೆಯೇ ಕುಳಿತು ಮೇಷ್ಟ್ರು ಪಾಠಕ್ಕೆ ಆರಂಭಿಸಿದರು. ಮದ್ದೂರು ತಾಲ್ಲೂಕಿನಲ್ಲಿ ಬೆಳ್ಳೂರು ಎಂಬ ಹಳ್ಳಿ. ಹಕ್ಕಿಗಳಿಂದಾಗಿ ಅದಕ್ಕೆ ಕೊಕ್ಕರೆ ಬೆಳ್ಳೂರೆಂದೇ ಹೆಸರು. ಈ ಬಣ್ಣದ ಕೊಕ್ಕರೆಯೂ, ಗಂಟಲಚೀಲದ ಹೆಜ್ಜಾರ್ಲೆಯೂ ಅಲ್ಲಿ ಕಾಡಿನಲ್ಲಲ್ಲ, ಮನೆಗಳ ಮುಂದಿನ ಹುಣಸೆಮರಗಳಲ್ಲಿ ಗೂಡು ಕಟ್ಟುತ್ತವೆ. ಹಿಂದೆ ಊರು ಶಿಂಷಾ ನದಿಯ ದಂಡೆಯಲ್ಲಿತ್ತಂತೆ. ಪ್ಲೇಗಿಗೆ ಹೆದರಿ ಜನ ಊರು ಬದಲಿಸಿದಾಗ ಹಕ್ಕಿಗಳೂ ಅವರ ಬೆನ್ನಿಗೇ ಬಂದವೆಂದು ಅಲ್ಲಿನ ಹಿರಿಯರ ಮಾತು. “ಅವು ಹೆರಿಗೆಗೆ ತವರಿಗೆ ಬರುವ ಹೆಣ್ಣುಮಕ್ಕಳು ಎಂದು ಊರಿನವರ ನಂಬಿಕೆ. ಆದ್ದರಿಂದ ಯಾರೂ ಕಲ್ಲೆಸೆಯುವುದಿಲ್ಲ” ಎಂದು ಮೇಷ್ಟ್ರು ಮುಗಿಸಿದರು. ಮೂವತ್ತು ವರ್ಷ ತರಗತಿಯಲ್ಲಿ ಹೇಳಿದ ಪಾಠ, ಒಂದಕ್ಷರವೂ ತಪ್ಪಲಿಲ್ಲ.

“ನೀವು ಎಷ್ಟು ಸಲ ನೋಡಿದ್ದೀರಿ, ತಾತ?”

ಮೇಷ್ಟ್ರು ಕನ್ನಡಕ ಒರೆಸಿಕೊಂಡರು. ಒಂದು ಸಲವೂ ನೋಡಿರಲಿಲ್ಲ. ಹಿತ್ತಲ ಗಿಡ ಮದ್ದಲ್ಲ.

ಮಗುವಿಗೆ ಇನ್ನೊಂದು ಪ್ರಶ್ನೆ ಉಳಿದಿತ್ತು. “ಹಾಗಾದರೆ ಅತ್ತೆ ಯಾಕೆ ನಮ್ಮ ಊರಿಗೆ ಬರುವುದಿಲ್ಲ?”

ಯಾರೂ ಮಾತಾಡಲಿಲ್ಲ. ಎಂಟು ವರ್ಷಗಳ ಹಿಂದೆ ತಂದೆಯ ಒಪ್ಪಿಗೆಗೆ ಕಾಯದೆ ಮದುವೆಯಾಗಿ ಧಾರವಾಡದಲ್ಲಿ ನೆಲಸಿದ ಮಗಳ ಹೆಸರನ್ನು ಆ ಮನೆಯಲ್ಲಿ ಗಟ್ಟಿಯಾಗಿ ಎತ್ತುವ ಹಾಗಿರಲಿಲ್ಲ. ಅವಳ ಬಾಣಂತನವೂ ತವರಿನ ನೆರಳಿಲ್ಲದೆಯೇ ಕಳೆದಿತ್ತು. ಮೊಮ್ಮಗನಿಗೆ ಈಗ ಐದು ವರ್ಷ. ಮೇಷ್ಟ್ರು ಅವನ ಮುಖ ಕಂಡಿರಲಿಲ್ಲ. ಸೊಸೆ ಮಗುವನ್ನು ಉಡ ತೋರಿಸುವ ನೆಪದಲ್ಲಿ ಮುಂದಕ್ಕೆ ಕರೆದೊಯ್ದಳು.

ಊರಿಗೆ ಮರಳಿದ ಮೇಲೆ, ಫೆಬ್ರವರಿಯ ಒಂದು ಬೆಳಗ್ಗೆ, ಮೇಷ್ಟ್ರು ಹೆಂಡತಿಗೆ, “ಬೆಳ್ಳೂರಿಗೆ ಹೋಗಿಬರೋಣ, ಹೊರಡು” ಎಂದರು. ಕಾರಣವನ್ನು ಅವರು ಹೇಳಲೂ ಇಲ್ಲ, ಆಕೆ ಕೇಳಲೂ ಇಲ್ಲ.

ಪಾಠದಲ್ಲಿ ಹೇಳದಿದ್ದುದು ಅಲ್ಲಿ ಮೊದಲು ಮೂಗಿಗೆ ಬಡಿಯಿತು: ಮೀನಿನ ವಾಸನೆ. ಹುಣಸೆಮರಗಳ ಎಲೆಯೆಲ್ಲ ಹಿಕ್ಕೆಯಿಂದ ಸುಣ್ಣ ಬಳಿದಂತಾಗಿತ್ತು. ಹೆಂಚಿನ ಮೇಲೂ ಬಿಳಿ, ಅಂಗಳದಲ್ಲೂ ಬಿಳಿ. ಮೇಲೆ ಮರಿಗಳ ಗದ್ದಲ. ಹೆಜ್ಜಾರ್ಲೆಯ ಮರಿ ತಾಯಿಯ ಗಂಟಲಿನೊಳಗೆ ತಲೆಯನ್ನೇ ತೂರಿಸಿ ಮೀನು ಕಸಿಯುತ್ತಿತ್ತು. 1976ರಲ್ಲಿ ಅರಣ್ಯಾಧಿಕಾರಿ ಎಸ್. ಜಿ. ನೇಗಿನಹಾಳರು ಈ ಊರಿನತ್ತ ನಾಡಿನ ಗಮನ ಸೆಳೆದರು. 1994ರಲ್ಲಿ ಊರಿನ ಯುವಕರೇ ಹೆಜ್ಜಾರ್ಲೆ ಬಳಗ ಕಟ್ಟಿಕೊಂಡು, ಗೂಡಿನಿಂದ ಬಿದ್ದ ಮರಿಗಳಿಗೆ ಮೀನುಣಿಸಿ ಸಾಕತೊಡಗಿದರು. 2007ರಲ್ಲಿ ಸರ್ಕಾರ ಇದನ್ನು ಸಮುದಾಯ ಮೀಸಲು ಪ್ರದೇಶವೆಂದು ಘೋಷಿಸಿತು. ಆದರೆ ಹುಣಸೆ ಬಡಿಯುವ ಕಾಲಕ್ಕೆ ಸರಿಯಾಗಿ ಮರದಲ್ಲಿ ಮರಿಗಳಿರುತ್ತವೆ. ಮರ ಹತ್ತಿದರೆ ಗೂಡು ಉಳಿಯದು. ಅರಣ್ಯ ಇಲಾಖೆಯ ಅಲ್ಪ ಪರಿಹಾರಕ್ಕೆ, ಗದ್ದೆಗೆ ಗೊಬ್ಬರವಾಗುವ ಹಿಕ್ಕೆಗೆ ತೃಪ್ತರಾಗಿ ಫಸಲನ್ನು ಬಿಟ್ಟುಕೊಡಬೇಕು.

ಜಗುಲಿಯಲ್ಲಿ ಅವರೆಕಾಯಿ ಸುಲಿಯುತ್ತಿದ್ದ ಮುದುಕಿಯೊಬ್ಬಳನ್ನು ಮೇಷ್ಟ್ರು ಕೇಳಿದರು: “ಇಷ್ಟು ಗಲೀಜು, ಇಷ್ಟು ನಷ್ಟ. ಬೇಸರವಾಗುವುದಿಲ್ಲವೇನಮ್ಮ?”

ಮುದುಕಿ ತಲೆಯೆತ್ತದೆ ಹೇಳಿದಳು: “ಮಗ್ಳು ಬಂದ್ರೆ ಮನೆ ಗಲೀಜಾಯ್ತದೆ ಅಂತ ಯಾರಾರೂ ಬಾಗ್ಲು ಹಾಕ್ಕೊಂಡಾರ, ಸ್ವಾಮಿ?”

ಮೇಷ್ಟ್ರು ಬಹಳ ಹೊತ್ತು ಮರದ ಕಡೆಗೇ ನೋಡುತ್ತ ನಿಂತರು. ಹೆಂಡತಿ ಮಾತ್ರ ಮರ ನೋಡಲಿಲ್ಲ, ಅವರನ್ನು ನೋಡುತ್ತಿದ್ದರು.

ಸಂಜೆ ಮದ್ದೂರಿನ ನಿಲ್ದಾಣದಲ್ಲಿ ಕೊಪ್ಪದ ಬಸ್ಸಿಗೆ ಕಾಯುತ್ತಿರುವಾಗ ಅವರು ಕೈಚಾಚಿ, “ಅವಳ ನಂಬರು ನಿನ್ನ ಹತ್ತಿರ ಇದೆಯಲ್ಲ, ಕೊಡು” ಎಂದರು. ಎಂಟು ವರ್ಷ ಗುಟ್ಟಾಗಿ ಮಗಳೊಡನೆ ಮಾತಾಡಿದ್ದಾಕೆ, ಆ ಗುಟ್ಟು ಇಷ್ಟು ದಿನವೂ ಗಂಡನಿಗೆ ತಿಳಿದೇ ಇತ್ತೆಂದು ಅರಿತು, ಸುಮ್ಮನೆ ಫೋನು ಹಚ್ಚಿ ಕೊಟ್ಟರು.

ಅತ್ತ ಕಡೆಯಿಂದ “ಅಮ್ಮಾ” ಎಂಬ ದನಿ ಬಂತು. ಮೇಷ್ಟ್ರಿಗೆ ಮಾತು ಹೊರಡಲಿಲ್ಲ. ಮೂವತ್ತು ವರ್ಷ ಪಾಠ ಹೇಳಿದ ಗಂಟಲು.

“ನಾನಮ್ಮ,” ಎಂದರು ಕಡೆಗೆ. “ಬೆಳ್ಳೂರಿಗೆ ಹೋಗಿದ್ದೆವು. ಹಕ್ಕಿಗಳು ಬಂದಿವೆ. ಮಳೆ ಹಿಡಿಯುವವರೆಗೂ ಇರುತ್ತವಂತೆ. ಮಗುವಿಗೆ ತೋರಿಸಬೇಕು, ಕರೆದುಕೊಂಡು ಬಾ.”

ಕೊಪ್ಪದ ಬಸ್ಸು ಬಂತು, ನಿಂತಿತು, ಹೊರಟೂ ಹೋಯಿತು. ಜೀವಮಾನದಲ್ಲಿ ಬಸ್ಸು ತಪ್ಪಿಸಿಕೊಂಡವರಲ್ಲದ ಮೇಷ್ಟ್ರು ಅದನ್ನು ಗಮನಿಸಲೇ ಇಲ್ಲ. ಗಮನಿಸಿದ ಹೆಂಡತಿಯೂ ಹೇಳಲಿಲ್ಲ.